ಹಬ್ಬದ ಎಲೆಯೂ ಕ್ಯಾಲೊರಿಯ ಲೆಕ್ಕವೂ

ಯುಗಾದಿಯ ದಿನ ಎಲೆಯ ಮುಂದೆ ಕುಳಿತವರ ಕಿವಿಯಲ್ಲಿ ಆರೋಗ್ಯಶಾಸ್ತ್ರವನ್ನು ಊದುವುದು ರಸಭಂಗವೆಂಬುದನ್ನು ನಾವು ಬಲ್ಲೆವು. ಒಬ್ಬಟ್ಟಿಲ್ಲದ ಯುಗಾದಿ ನಮಗೂ ಬೇಡ. ಆದರೆ ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯು ನಮ್ಮ ದೇಶದಲ್ಲಿ ಸುಮಾರು 10 ಕೋಟಿ ಮಂದಿ ಮಧುಮೇಹಿಗಳಿರುವರೆಂದು ಅಂದಾಜು ಮಾಡಿದೆ. ದೊಡ್ಡ ಪಂಕ್ತಿಯಲ್ಲಿ ಅಂಥವರು ಒಬ್ಬಿಬ್ಬರಾದರೂ ಕುಳಿತಿರುವುದು ಸಹಜವೇ.

ಭೌತಶಾಸ್ತ್ರದ ವಿದ್ಯಾರ್ಥಿಗಳಿಗೆ ಲೆಕ್ಕವೇ ರುಚಿ. ಒಬ್ಬಟ್ಟೊಂದರಲ್ಲಿ ಬೆಲ್ಲ 30 ಗ್ರಾಂ, ಬೇಳೆ 20 ಗ್ರಾಂ, ಹಿಟ್ಟು 25 ಗ್ರಾಂ, ಮೇಲೆ ತುಪ್ಪ 10 ಗ್ರಾಂ ಎಂದಿಟ್ಟುಕೊಳ್ಳೋಣ. ಪಿಷ್ಟ, ಸಕ್ಕರೆ, ಸಸಾರಜನಕಗಳಿಂದ ಗ್ರಾಮಿಗೆ 4, ಕೊಬ್ಬಿನಿಂದ 9 ಕಿಲೊಕ್ಯಾಲೊರಿ ದೊರೆಯುತ್ತದೆ. ಸಾಮಗ್ರಿಯಲ್ಲಿರುವ ತೇವವನ್ನು ಕಳೆದರೆ ಒಟ್ಟು ಸುಮಾರು 350. ನಮ್ಮ ಸ್ನಾಯುಗಳು ಇದರಲ್ಲಿ ಕಾಲುಭಾಗವನ್ನು ಮಾತ್ರ ಕೆಲಸವಾಗಿ ಮಾರ್ಪಡಿಸಬಲ್ಲವೆಂದು ಹಿಡಿದರೂ, 60 ಕಿಲೊಗ್ರಾಂ ತೂಕದವನನ್ನು 600 ಮೀಟರ್ ಎತ್ತರಕ್ಕೇರಿಸಲು ಅಷ್ಟು ಸಾಕು. ಚಾಮುಂಡಿ ಬೆಟ್ಟವು ಮೈಸೂರು ನಗರಕ್ಕಿಂತ ಸುಮಾರು 300 ಮೀಟರ್ ಎತ್ತರವಾಗಿದೆ. ಅಂದಮೇಲೆ ಒಂದು ಒಬ್ಬಟ್ಟಿಗೆ ಎರಡು ಸಲ ಬೆಟ್ಟ ಹತ್ತಬೇಕು! ಊಟವಾದ ಮೇಲೆ ನಾವು ಹತ್ತುವುದೋ, ಮಂಚವನ್ನು.

ಬೆಲ್ಲ ಸಕ್ಕರೆಯಲ್ಲ, ಆದುದರಿಂದ ಬಾಧಕವಿಲ್ಲವೆಂಬ ಸಮಾಧಾನ ಮನೆಮನೆಯಲ್ಲಿದೆ. ಬೆಲ್ಲದಲ್ಲಿ ಅಲ್ಪ ಪ್ರಮಾಣದಲ್ಲಿ ಕಬ್ಬಿಣವೂ ಇತರ ಲವಣಗಳೂ ಇರುವುದು ನಿಜ; ಆದರೆ ಅದರ ಬಹುಭಾಗ ಸಕ್ಕರೆಯೇ, ರಕ್ತವು ಇವೆರಡರಲ್ಲಿ ಭೇದವೆಣಿಸುವುದಿಲ್ಲ. ಹೂರಣದಲ್ಲಿ ಬೇಳೆಯನ್ನು ಹೆಚ್ಚಿಸಿ ಬೆಲ್ಲವನ್ನು ಕಡಿಮೆ ಮಾಡುವುದೂ, ಒಬ್ಬಟ್ಟನ್ನು ಚಿಕ್ಕದಾಗಿ ತಟ್ಟುವುದೂ ನಮಗೆ ಹೆಚ್ಚು ಪ್ರಾಮಾಣಿಕವಾದ ಉಪಾಯಗಳಾಗಿ ತೋರುತ್ತವೆ. ಬೇಳೆ ಬೇಯಿಸಿ ಬಸಿದ ಕಟ್ಟನ್ನು ಚೆಲ್ಲದೆ ಸಾರು ಮಾಡುವ ನಮ್ಮ ಅಜ್ಜಿಯರ ಪದ್ಧತಿಯನ್ನಂತೂ ಮುಟ್ಟಬಾರದು. ನೀರಿನಲ್ಲಿ ಕರಗಿದ ಜೀವಸತ್ವಗಳು ಅದರಲ್ಲಿರುತ್ತವೆ.

ಅಂಬೊಡೆಯ ವಿಚಾರ ಸ್ವಾರಸ್ಯವಾದುದು. ಕಾದ ಎಣ್ಣೆಯಲ್ಲಿ ಅಂಬೊಡೆಯೊಳಗಿನ ನೀರು ಆವಿಯಾಗಿ ಹೊರಕ್ಕೆ ನುಗ್ಗುತ್ತಿರುವವರೆಗೆ ಎಣ್ಣೆಗೆ ಒಳಪ್ರವೇಶ ಕಷ್ಟ. ಬಾಣಲೆಯಿಂದ ತೆಗೆದ ಮೇಲೆ ಒಳಗಿನ ಆವಿ ತಣಿದು ಒತ್ತಡ ಇಳಿಯುತ್ತದೆ. ಆಗ ಮೇಲಂಟಿದ ಎಣ್ಣೆಯನ್ನು ಅಂಬೊಡೆ ಹೀರಿಕೊಳ್ಳುತ್ತದೆ. ಆದುದರಿಂದ ತೆಗೆದೊಡನೆ, ಬಿಸಿಯಾಗಿರುವಾಗಲೇ, ಎಣ್ಣೆಯನ್ನು ಚೆನ್ನಾಗಿ ಬಸಿಯಬೇಕು. ತಣಿದ ಮೇಲೆ ಕಾಗದದಿಂದ ಒರೆಸಿ ಪ್ರಯೋಜನವೇನು?

ಎಲೆಯ ಮೇಲೆ ಅತ್ಯಂತ ಅನ್ಯಾಯಕ್ಕೊಳಗಾಗಿರುವುದು ಕೋಸಂಬರಿ. ನೆನೆದ ಹೆಸರುಬೇಳೆ, ಸೌತೆಕಾಯಿ, ನಿಂಬೆರಸಗಳ ಈ ಪದಾರ್ಥವನ್ನು ಔಷಧದಂತೆ ಒಂದು ಚಮಚ ಬಡಿಸಿ ಮುಂದೆ ಸಾಗುತ್ತೇವೆ. ತರಕಾರಿ ಮತ್ತು ಸಸಾರಜನಕವನ್ನು ಮೊದಲು ತಿಂದು, ಅನ್ನ ಸಿಹಿಗಳನ್ನು ಅನಂತರ ತಿಂದರೆ ರಕ್ತದ ಸಕ್ಕರೆ ಅಷ್ಟು ಬೇಗ ಏರುವುದಿಲ್ಲವೆಂದು ಪರೀಕ್ಷೆಗಳಿಂದ ತಿಳಿದುಬಂದಿದೆ. ಕೋಸಂಬರಿ, ಪಲ್ಯಗಳನ್ನು ಮೊದಲೇ ಬಡಿಸುವ ಕ್ರಮ ನಮ್ಮಲ್ಲಿ ಇದ್ದೇ ಇದೆ. ಹೆಚ್ಚಬೇಕಾದುದು ಪ್ರಮಾಣ ಮಾತ್ರ.

ಇಷ್ಟಾದರೂ, ನಿಜವಾದ ಅಪಾಯ ಅಡುಗೆಮನೆಯಲ್ಲಿಲ್ಲ, ಉಪಚಾರದಲ್ಲಿದೆ ಎಂಬುದು ನಮ್ಮ ಅಭಿಪ್ರಾಯ. ಕೆಲವು ವರ್ಷಗಳ ಹಿಂದೆ ನಮ್ಮ ಸೋದರಮಾವನವರು ಎರಡು ಕೈಗಳನ್ನೂ ಎಲೆಗೆ ಅಡ್ಡ ಹಿಡಿದು "ಬೇಡಪ್ಪಾ, ಸಕ್ಕರೆ ಕಾಯಿಲೆ" ಎಂದರು. "ಹಬ್ಬದ ದಿನ ಒಂದೇ ಒಂದು, ಮಾವ" ಎಂದು ಕೈಯ ಸಂದಿನಲ್ಲಿ ಒಬ್ಬಟ್ಟನ್ನು ಜಾರಿಸಿ ತುಪ್ಪ ಸುರಿದದ್ದಾಯಿತು. ಎಲೆಯಲ್ಲಿ ಬಿದ್ದುದನ್ನು ಬಿಡುವ ಅಭ್ಯಾಸ ಅವರಿಗಿರಲಿಲ್ಲ. ಆ ಸಂಜೆ ಅವರು ತಲೆಸುತ್ತಿನಿಂದ ಮಲಗಿದರು. ರಾತ್ರಿ ವೈದ್ಯರಲ್ಲಿಗೆ ಕರೆದೊಯ್ಯಬೇಕಾಯಿತು. ಬಡಿಸಿದವರು ಬೇರಾರೂ ಅಲ್ಲ, ಶಾಖವನ್ನೂ ಶಕ್ತಿಯನ್ನೂ ತರಗತಿಯಲ್ಲಿ ಬೋಧಿಸುವ ನಾವೇ.

ವಿದ್ಯಾರ್ಥಿ ಮಿತ್ರರೇ, ಪಂಕ್ತಿಯಲ್ಲಿ ಬಡಿಸುವ ಕೆಲಸ ಸಾಮಾನ್ಯವಾಗಿ ನಿಮ್ಮ ಪಾಲಿಗೆ ಬರುತ್ತದೆ. ಕೋಸಂಬರಿಯ ಪಾತ್ರೆಯನ್ನು ಎರಡನೆಯ ಸುತ್ತು ತನ್ನಿರಿ. ಒಬ್ಬಟ್ಟನ್ನು ಅರ್ಧ ಮಾಡಿಟ್ಟು, ಕೇಳಿದವರಿಗೆ ಇನ್ನರ್ಧ ಹಾಕಿರಿ. ತುಪ್ಪಕ್ಕೆ ಚಿಕ್ಕ ಚಮಚವಿರಲಿ. ಎಲೆಗೆ ಕೈ ಅಡ್ಡ ಬಂದರೆ ಮುಂದಿನ ಎಲೆಗೆ ಹೋಗಿರಿ.