ಮೌಸ್ ಯಾರ ಕೈಯಲ್ಲಿದೆ?

ಗೆಳೆಯರೇ, ನಿಮ್ಮ ಶಾಲೆಯ ಕಂಪ್ಯೂಟರ್ ಕೊಠಡಿಯ ಗೋಡೆಯ ಮೇಲೆ ಏನು ಬರೆದಿದ್ದಾರೆ? ಚಪ್ಪಲಿ ಹೊರಗೆ ಬಿಡಿ, ಗಲಾಟೆ ಮಾಡಬೇಡಿ, ತಿಂಡಿ ತರಬೇಡಿ ಎಂದಿರಬಹುದು. ಎಲ್ಲವೂ ಸರಿಯೇ. ದೂಳು ಒಳಗೆ ಸೇರಿದರೆ ಕಂಪ್ಯೂಟರಿನ ಪುಟ್ಟ ಫ್ಯಾನಿಗೂ ಅಂಟಿಕೊಳ್ಳುತ್ತದೆ; ಗಾಳಿಯಾಡದೆ ಯಂತ್ರ ಬಿಸಿಯಾಗುತ್ತದೆ. ಆದರೆ ಇವೆಲ್ಲಕ್ಕಿಂತ ಮುಖ್ಯವಾದ ನಿಯಮವೊಂದನ್ನು ಬರೆಯಲು ದೊಡ್ಡವರು ಮರೆಯುತ್ತಾರೆ. ಮೌಸ್ ಒಬ್ಬರ ಕೈಯಲ್ಲೇ ಇರಬಾರದು.

ಒಂದು ಕಂಪ್ಯೂಟರಿನ ಮುಂದೆ ನಾಲ್ಕೈದು ಮಂದಿ ಕುಳಿತಾಗ ಏನಾಗುತ್ತದೆ, ಗಮನಿಸಿ. ಮೊದಲು ಓಡಿಬಂದವರು ಮೌಸ್ ಹಿಡಿಯುತ್ತಾರೆ. ಗಂಟೆ ಹೊಡೆಯುವವರೆಗೂ ಬಿಡುವುದಿಲ್ಲ. ಬೆಂಗಳೂರಿನಲ್ಲಿರುವ ಮೈಕ್ರೋಸಾಫ್ಟ್ ಸಂಶೋಧನಾ ಕೇಂದ್ರದವರು ನಮ್ಮ ದೇಶದ ಹಳ್ಳಿ ಶಾಲೆಗಳಲ್ಲಿ ಇದನ್ನೇ ಕಂಡರು. ಒಬ್ಬ ಆಡುತ್ತಿದ್ದ, ಉಳಿದವರು ನೋಡುತ್ತಿದ್ದರು. ಆಗ ಅವರು ಒಂದೇ ಕಂಪ್ಯೂಟರಿಗೆ ಹಲವು ಮೌಸ್ ಜೋಡಿಸಿ ನೋಡಿದರು. ತೆರೆಯ ಮೇಲೆ ಒಬ್ಬೊಬ್ಬರಿಗೆ ಒಂದೊಂದು ಬಣ್ಣದ ಬಾಣ! ಇದರ ವಿವರ 2006ರಲ್ಲಿ ಪ್ರಕಟವಾಯಿತು.

ಉಪಾಯವೇನೋ ಚೆನ್ನಾಗಿದೆ. ಆದರೆ ನಿಮ್ಮ ಮುಂದೆ ಇರುವುದು ಒಂದೇ ಮೌಸ್ ತಾನೆ? ಅದನ್ನು ಕೈಯಿಂದ ಕೈಗೆ ದಾಟಿಸಬೇಕು. ಗೋಡೆ ಗಡಿಯಾರ ನೋಡಿಕೊಂಡು ಒಬ್ಬೊಬ್ಬರಿಗೆ ಐದೈದು ನಿಮಿಷ ಎಂದು ಗೊತ್ತುಮಾಡಿಕೊಳ್ಳಿ. “ನನಗೆ ಚೆನ್ನಾಗಿ ಬರುತ್ತದೆ, ನಾನೇ ಮಾಡಿದರೆ ಬೇಗ ಮುಗಿಯುತ್ತದೆ” ಎಂದು ನಿಮ್ಮಲ್ಲಿ ಕೆಲವರು ಹೇಳಬಹುದು. ಮುಗಿಯುತ್ತದೆ ನಿಜ, ಆದರೆ ಉಳಿದವರು ಕಲಿಯುವುದಿಲ್ಲ. ದಡದಲ್ಲಿ ನಿಂತು ನೋಡಿ ಯಾರಾದರೂ ಈಜು ಕಲಿತದ್ದುಂಟೆ? ಬಲ್ಲವರು ಕೈ ಕಟ್ಟಿಕೊಂಡು ಬಾಯಿಂದ ಹೇಳಿಕೊಡಲಿ. ಇದು ಸುಲಭವಲ್ಲ, ಕೈ ತುರಿಸುತ್ತದೆ! ಆದರೆ ಹೇಳಿಕೊಡುವಾಗಲೇ ತಮಗೆ ಎಲ್ಲಿ ಸರಿಯಾಗಿ ತಿಳಿದಿಲ್ಲ ಎಂಬುದು ಗೊತ್ತಾಗುತ್ತದೆ. ಹುಡುಗಿಯರು, ಚಿಕ್ಕ ತರಗತಿಯವರು ವರ್ಷವಿಡೀ ಹಿಂದೆಯೇ ನಿಂತಿದ್ದರೆ ಆ ಕೊಠಡಿ ಶಾಲೆಗೆ ಬಂದೂ ಅವರ ಪಾಲಿಗೆ ಬರಲಿಲ್ಲ.

ಇನ್ನೊಂದು ಮಾತು. ನೀವು ಟೈಪ್ ಮಾಡಿದ್ದು ಮೊದಲು ಕಂಪ್ಯೂಟರಿನ ತಾತ್ಕಾಲಿಕ ನೆನಪಿನಲ್ಲಿರುತ್ತದೆ. ಕರೆಂಟ್ ಹೋದ ಕ್ಷಣ ಆ ನೆನಪು ಖಾಲಿ. ಸೇವ್ ಮಾಡಿದಾಗ ಮಾತ್ರ ಅದು ಹಾರ್ಡ್ ಡಿಸ್ಕ್‌ನಂಥ ಜಾಗದಲ್ಲಿ ಉಳಿಯುತ್ತದೆ. ಆದ್ದರಿಂದ ಗಂಟೆ ಹೊಡೆಯಿತೆಂದು ಗೋಡೆಯ ಸ್ವಿಚ್ ಆರಿಸಿ ಓಡಬೇಡಿ. ಪಕ್ಕದ ಗುಂಪಿನವರು ಅರ್ಧ ಗಂಟೆ ಕುಳಿತು ಬಿಡಿಸಿದ ಚಿತ್ರ ಅಳಿಸಿಹೋಗಬಹುದು. ಬೇರೆಯವರ ಫೈಲ್ ಅಳಿಸುವುದೂ, ತಮಾಷೆಗೆ ಪಾಸ್‌ವರ್ಡ್ ಹಾಕುವುದೂ ಅವರ ನೋಟ್‌ಬುಕ್ಕಿನ ಹಾಳೆ ಹರಿದಂತೆಯೇ. ಮನೆಯ ಪೆನ್‌ಡ್ರೈವನ್ನು ಶಿಕ್ಷಕರನ್ನು ಕೇಳದೆ ಚುಚ್ಚಬೇಡಿ, ಅದರೊಡನೆ ವೈರಸ್ ಬರಬಹುದು.

ಏನಾದರೂ ಕೆಟ್ಟರೆ ಕೂಡಲೇ ಶಿಕ್ಷಕರಿಗೆ ಹೇಳಿ. ಇಲ್ಲಿ ಶಿಕ್ಷಕರಿಗೂ ಒಂದು ಬಿನ್ನಹವಿದೆ. ಬಂದು ಹೇಳಿದ ಮಗುವಿಗೇ ಬೈದರೆ ಮುಂದಿನ ಸಲ ಯಾರೂ ಹೇಳುವುದಿಲ್ಲ. ಕೆಟ್ಟೀತೆಂಬ ಭಯದಿಂದ ಕೊಠಡಿಗೆ ಬೀಗ ಹಾಕಿಡುವುದಂತೂ ನನಗೆ ಒಪ್ಪಿಗೆಯಾಗದ ಮಾತು. ಬೀಗ ಹಾಕಿದರೂ ತೇವ ಒಳಗೆ ಬರುತ್ತದೆ, ದೂಳು ಬರುತ್ತದೆ, ತಂತಿ ಕಡಿಯಲು ನಿಜವಾದ ಇಲಿಯೂ ಬರುತ್ತದೆ.