ನೀತಿ ಸಂಹಿತೆ ಬರುವ ಮುಂಚೆಯೂ ನಿಯಮವಿದೆ

ರಾಜಕೀಯದಿಂದ ದೂರ ಇರಬೇಕಾದದ್ದು ಚುನಾವಣಾ ನೀತಿ ಸಂಹಿತೆ ಜಾರಿಯಲ್ಲಿರುವಾಗ ಮಾತ್ರ ಎಂದು ನಮ್ಮ ಸರ್ಕಾರಿ ನೌಕರರಲ್ಲಿ ಅನೇಕರು ನಂಬಿದ್ದಾರೆ. ಕರ್ನಾಟಕ ರಾಜ್ಯ ಸಿವಿಲ್ ಸೇವಾ (ನಡತೆ) ನಿಯಮಗಳು, 2021 ಹಾಗೆ ಹೇಳುವುದಿಲ್ಲ. ನೌಕರ ಪಕ್ಷದ ಸದಸ್ಯನಾಗಬಾರದು, ರಾಜಕೀಯ ಚಟುವಟಿಕೆಗೆ ನೆರವಾಗಬಾರದು, ಯಾರ ಪರವಾಗಿಯೂ ಮತ ಕೇಳಬಾರದು. ಇದು ವರ್ಷವಿಡೀ ಅನ್ವಯ, ಹಾಜರಿ ಪುಸ್ತಕಕ್ಕೆ ಸಹಿ ಹಾಕಿದ ಹೊತ್ತಿಗಷ್ಟೇ ಅಲ್ಲ.

ಹೆಚ್ಚು ಮಂದಿ ಎಡವುವುದು ಗ್ರಾಮ ಪಂಚಾಯಿತಿ ಚುನಾವಣೆಯಲ್ಲಿ. ಅಲ್ಲಿ ಪಕ್ಷದ ಚಿಹ್ನೆ ಇಲ್ಲ. ‘ನಿಂತಿರೋದು ನಮ್ಮಣ್ಣ, ನಾಲ್ಕು ಮನೆಗೆ ಹೋಗಿ ಬಂದರೆ ಏನಾಯ್ತು?’ ಎಂಬ ಧೈರ್ಯ. ಸ್ಥಳೀಯ ಸಂಸ್ಥೆಗಳ ಚುನಾವಣೆಗೂ ಈ ನಿರ್ಬಂಧ ಇದ್ದೇ ಇದೆ. ಓಟು ಹಾಕಬಹುದು, ಯಾರಿಗೆ ಎಂದು ಬಾಯಿ ಬಿಡುವಂತಿಲ್ಲ. ಬೈಕಿನ ಮೇಲಿನ ಚುನಾವಣಾ ಚಿಹ್ನೆಯ ಸ್ಟಿಕರ್ ಕೂಡ ಪ್ರಚಾರವೇ.

ಈಗ ಸ್ಟಿಕರ್‌ನ ಜಾಗಕ್ಕೆ ವಾಟ್ಸ್‌ಆ್ಯಪ್ ಸ್ಟೇಟಸ್ ಬಂದಿದೆ. ಬೆಳಿಗ್ಗೆ ಮೇಷ್ಟ್ರೊಬ್ಬರು ಶಾಸಕರ ಹುಟ್ಟುಹಬ್ಬದ ಪೋಸ್ಟರನ್ನು ಪಕ್ಷದ ಬಾವುಟದ ಸಮೇತ ಹಾಕಿದರೆ, ಸಂಜೆಯೊಳಗೆ ಅದರ ಸ್ಕ್ರೀನ್‌ಶಾಟ್ ಬಿಇಒ ಮೊಬೈಲಿಗೆ ತಲುಪಿರುತ್ತದೆ. ಅದೇ ಮೇಷ್ಟ್ರು ನಾಳೆ ಮತಗಟ್ಟೆ ಅಧಿಕಾರಿ. ಸೋತವರು ಮೊದಲು ತೋರಿಸುವುದು ಆ ಸ್ಟೇಟಸ್ಸನ್ನೇ. ಕ್ರಮವೂ ಎಲ್ಲರ ಮೇಲೆ ಒಂದೇ ರೀತಿ ಆಗುವುದಿಲ್ಲ: ಆಳುವ ಪಕ್ಷದವರದು ಅಭಿಮಾನ, ವಿರೋಧ ಪಕ್ಷದವರದು ನಿಯಮ ಉಲ್ಲಂಘನೆ. ಸರ್ಕಾರ ಬದಲಾದಾಗ ಇದೂ ತಿರುವುಮುರುವು.

ಕಾನೂನಿನ ಏಟು ಸಣ್ಣದಲ್ಲ. ವಿಧಾನಸಭೆ, ಲೋಕಸಭೆ ಚುನಾವಣೆಯಲ್ಲಿ ನೌಕರ ಅಭ್ಯರ್ಥಿಯ ಏಜೆಂಟನಾಗಿ ಕೂತರೆ ಪ್ರಜಾಪ್ರತಿನಿಧಿ ಕಾಯ್ದೆಯ 134ಎ ಪ್ರಕಾರ 3 ತಿಂಗಳವರೆಗೆ ಜೈಲು. ಬಳಸಿಕೊಂಡ ಅಭ್ಯರ್ಥಿಗೂ ಬಿಡುಗಡೆಯಿಲ್ಲ. 1975ರಲ್ಲಿ ಅಲಹಾಬಾದ್ ಹೈಕೋರ್ಟ್ ಇಂದಿರಾ ಗಾಂಧಿಯವರ ಆಯ್ಕೆಯನ್ನು ಅಸಿಂಧುಗೊಳಿಸಿದ್ದಕ್ಕೆ ಸರ್ಕಾರಿ ಅಧಿಕಾರಿಗಳ ನೆರವು ಪಡೆದದ್ದೇ ಕಾರಣ.

ಸಿಬ್ಬಂದಿ ಮತ್ತು ಆಡಳಿತ ಸುಧಾರಣೆ ಇಲಾಖೆ ಚುನಾವಣೆ ಘೋಷಣೆಗೆ ಕಾಯದೆ ಈಗಲೇ ಸುತ್ತೋಲೆ ಹೊರಡಿಸಲಿ. ಸ್ಟೇಟಸ್, ಫಾರ್ವರ್ಡ್, ಲೈಕ್, ಗ್ರೂಪ್ ಅಡ್ಮಿನ್‌ಗಿರಿ, ಇವುಗಳಲ್ಲಿ ಯಾವುದು ಸಲ್ಲುತ್ತದೆ, ಯಾವುದು ಸಲ್ಲದು ಎಂದು ಉದಾಹರಣೆ ಸಹಿತ ತಿಳಿಗನ್ನಡದಲ್ಲಿ ಬರೆಯಲಿ. ಅದರ ಒಂದು ಪ್ರತಿ ಶಾಸಕರ ಕಚೇರಿಗೂ ಹೋಗಬೇಕು. ‘ಸಾಹೇಬರ ಕಾರ್ಯಕ್ರಮ, ಬಂದು ಹೋಗಿ’ ಎಂಬ ಫೋನು ಬರುವುದು ಅಲ್ಲಿಂದಲೇ. ಬೇಡ ಎನ್ನುವ ಪಿಡಿಒಗೆ ಮರುವಾರ ವರ್ಗಾವಣೆ ಆಗುವುದಿಲ್ಲ ಎಂಬ ಭರವಸೆಯೂ ಅದರಲ್ಲಿರಲಿ.