ಘಟ್ಟವಿಳಿದು ಮರಳಿದವರು

ಶಿವಮೊಗ್ಗೆಯ ಗಾಂಧಿ ಬಜಾರನ್ನು ಹೊಗುವವರನ್ನು ಮೊದಲು ಎದುರುಗೊಳ್ಳುವವನು ಶಿವಪ್ಪನಾಯಕ. ಹೂವು, ಹಣ್ಣು, ಅರಿವೆ, ಪಾತ್ರೆಗಳ ವ್ಯಾಪಾರಕ್ಕೆಂದು ಬರುವ ನಾನಾ ಮತದ ಜನ ದಿನನಿತ್ಯವೂ ಆತನ ಪ್ರತಿಮೆಯನ್ನು ಹಾದುಹೋಗುತ್ತಾರೆ. ಭೂಮಿಯನ್ನು ಅಳೆಸಿ ಕಂದಾಯಕ್ಕೆ 'ಶಿಸ್ತು' ಕಟ್ಟಿದ ದೊರೆಯೆಂದು ಮಲೆನಾಡಿನ ಮಕ್ಕಳೆಲ್ಲ ಶಾಲೆಯಲ್ಲಿ ಓದಿಯೇ ಇರುತ್ತಾರೆ. ಆದರೆ ಕೆಳದಿಯ ಈ ಅರಸುಮನೆತನಕ್ಕೂ ಕರಾವಳಿಯ ಕ್ರೈಸ್ತರು ಅನುಭವಿಸಿದ ಒಂದು ಘೋರ ಪರೀಕ್ಷೆಗೂ ಇರುವ ನಂಟನ್ನು ಬಲ್ಲವರು ವಿರಳ.

ಶಿವಪ್ಪನಾಯಕನು ಪೋರ್ಚುಗೀಸರ ಮಿತ್ರನೇನೂ ಆಗಿರಲಿಲ್ಲ. ೧೬೫೦ರ ದಶಕದಲ್ಲಿ ಹೊನ್ನಾವರ, ಬಸರೂರು, ಗಂಗೊಳ್ಳಿ, ಮಂಗಳೂರುಗಳ ಕೋಟೆಗಳಿಂದ ಅವರನ್ನು ಹೊರದೂಡಿದವನು ಆತನೇ. ಆದರೆ ಕೆಳದಿಯವರು ಪರದೇಶದ ಫಿರಂಗಿಯನ್ನೂ ನೆಲವನ್ನು ಉಳುವ ಕ್ರೈಸ್ತ ರೈತನನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗಲಿಲ್ಲ. ಗೋವೆಯಿಂದ ಗುಳೆ ಬಂದ ಕೊಂಕಣಿ ಕ್ರೈಸ್ತರಿಗೆ ಅವರ ರಾಜ್ಯದಲ್ಲಿ ಗದ್ದೆಯೂ ದೊರೆಯಿತು, ನೆಲೆಯೂ ದೊರೆಯಿತು. ಮಂಗಳೂರಿನ ಮಿಲಾಗ್ರಿಸ್ ಇಗರ್ಜಿಯು ೧೬೮೦ರಲ್ಲಿ ಸ್ಥಾಪಿತವಾದಾಗ ಅದಕ್ಕೆ ಭೂಮಿಯನ್ನು ದಯಪಾಲಿಸಿದವಳು ಕೆಳದಿಯ ರಾಣಿ ಚನ್ನಮ್ಮಾಜಿ ಎಂಬ ಮಾತು ಆ ಸಮುದಾಯದ ಪರಂಪರೆಯಲ್ಲಿ ಇಂದಿಗೂ ಕೃತಜ್ಞತೆಯಿಂದ ಉಳಿದಿದೆ.

ಈ ಜನ ಗೋವೆಯನ್ನೇಕೆ ಬಿಟ್ಟರು? ಕ್ಷಾಮ, ಕಂದಾಯ, ಮರಾಠರ ದಾಳಿ ಇವೆಲ್ಲ ಇದ್ದವು. ಜೊತೆಗೆ ಇನ್ನೊಂದು ಕಾರಣವೂ ಇತ್ತು. ೧೫೬೦ರಲ್ಲಿ ಗೋವೆಯಲ್ಲಿ ಸ್ಥಾಪಿತವಾದ ಇನ್‌ಕ್ವಿಸಿಷನ್ ಎಂಬ ಮತವಿಚಾರಣೆಯ ನ್ಯಾಯಸ್ಥಾನವು ಕ್ರೈಸ್ತರಾದವರ ಮನೆಗಳೊಳಕ್ಕೂ ಕೈಚಾಚಿತ್ತು. ಅಂಗಳದಲ್ಲಿ ತುಳಸಿ ಬೆಳೆಯುವುದು, ಮದುವೆಯಲ್ಲಿ ವೀಳ್ಯ ಹಂಚುವುದು, ಧೋತರ ಉಡುವುದು ಸಹ ಕಾಲಕ್ರಮದಲ್ಲಿ ಅಪರಾಧಗಳ ಪಟ್ಟಿಗೆ ಸೇರಿದವು. ಕ್ರಿಸ್ತನನ್ನು ಮನಃಪೂರ್ವಕ ನಂಬಿ, ಅಜ್ಜನ ಕಾಲದ ನಡೆನುಡಿಯನ್ನೂ ಬಿಡದೆ ಬಾಳಬೇಕೆಂದವರಿಗೆ ದಕ್ಷಿಣದ ದಾರಿಯೇ ಗತಿಯಾಯಿತು. ಅಂದಮೇಲೆ ಅವರ ಪಾಲಿಗೆ ಒತ್ತಾಯವೆಂಬುದು ಮೊದಲು ಬಂದದ್ದು ಪರಮತದವರಿಂದಲ್ಲ, ಸ್ವಮತದ ಅಧಿಕಾರಿಗಳಿಂದ. ಈ ಸಂಗತಿಯನ್ನು ಮರೆತು ಮುಂದಿನ ಕಥೆಯನ್ನು ಓದಲಾಗದು.

೧೭೬೩ರಲ್ಲಿ ಹೈದರಾಲಿಯು ಬಿದನೂರನ್ನು ಗೆದ್ದು ಅದಕ್ಕೆ ಹೈದರನಗರವೆಂದು ಹೆಸರಿಟ್ಟನು. ಇಂದಿನ ನಗರವೇ ಅದು. ಕೆಳದಿಯೊಡನೆ ಕರಾವಳಿಯೂ ಮೈಸೂರಿನ ವಶವಾಯಿತು. ಇಪ್ಪತ್ತು ವರ್ಷಗಳ ಬಳಿಕ, ೧೭೮೩ರ ಆರಂಭದಲ್ಲಿ, ಇಂಗ್ಲಿಷ್ ಸೇನಾನಿ ಮ್ಯಾಥ್ಯೂಸ್ ಬಿದನೂರನ್ನೂ ಮಂಗಳೂರನ್ನೂ ಹಿಡಿದನು. ಕೆಲವೇ ತಿಂಗಳಲ್ಲಿ ಟಿಪ್ಪು ಸುಲ್ತಾನನು ಬಿದನೂರಿಗೆ ಮುತ್ತಿಗೆ ಹಾಕಿ ಅವನನ್ನು ಸೆರೆಹಿಡಿದನು. ಮಂಗಳೂರಿನ ಕೋಟೆ ಮಾತ್ರ ದೀರ್ಘ ಮುತ್ತಿಗೆಯ ನಂತರ ೧೭೮೪ರ ಜನವರಿ ಕೊನೆಯಲ್ಲಿ ಶರಣಾಯಿತು. ಈ ಯುದ್ಧದಲ್ಲಿ ಕರಾವಳಿಯ ಕ್ರೈಸ್ತರು ಶತ್ರುವಿಗೆ ಹಣವನ್ನೂ ಅಕ್ಕಿಯನ್ನೂ ಒದಗಿಸಿದರೆಂಬುದು ಸುಲ್ತಾನನ ಆರೋಪ. ಕೆಲವರು ಒದಗಿಸಿರಲೂ ಬಹುದು. ಆದರೆ ದಂಡನೆ ಕೆಲವರಿಗೆ ಮಾತ್ರವಾಗಲಿಲ್ಲ.

ಆ ವರ್ಷದ ಬೂದಿ ಬುಧವಾರ, ಅಂದರೆ ಕ್ರೈಸ್ತರು ಹಣೆಗೆ ಬೂದಿ ಧರಿಸಿ ನಲವತ್ತು ದಿನಗಳ ಉಪವಾಸವನ್ನು ಆರಂಭಿಸುವ ದಿನ, ಸುಲ್ತಾನನ ಪಡೆಗಳು ಊರೂರುಗಳಲ್ಲಿ ಏಕಕಾಲಕ್ಕೆ ಅವರನ್ನು ಸೆರೆಹಿಡಿದುವೆಂದು ಸಮುದಾಯದ ನೆನಪು. ಸೆರೆಯಾದವರ ಸಂಖ್ಯೆ ೩೦,೦೦೦ ಎಂಬುದರಿಂದ ೮೦,೦೦೦ ಎಂಬವರೆಗೆ ಬೇರೆ ಬೇರೆ ಲೆಕ್ಕಗಳಿವೆ. ಪಾದ್ರಿಗಳನ್ನು ರಾಜ್ಯದಿಂದ ಹೊರಗಟ್ಟಲಾಯಿತು. ಇಪ್ಪತ್ತೇಳು ಇಗರ್ಜಿಗಳು ನೆಲಸಮವಾದವೆಂದು ಹೇಳುತ್ತಾರೆ. ಮೂಡಬಿದಿರೆಯ ಬಳಿಯ ಹೊಸಬೆಟ್ಟಿನ ಇಗರ್ಜಿ ಮಾತ್ರ ಉಳಿಯಿತು. ಅದನ್ನು ಕೆಡವಬಾರದೆಂದು ಬೇಡಿಕೊಂಡವನು ಅಲ್ಲಿನ ಜೈನ ಅರಸ ಚೌಟ. ಉಳಿದ ಕಥೆ ಘಟ್ಟದ ದಾರಿಯದು. ಹಸುಗೂಸುಗಳನ್ನೂ ಮುದುಕರನ್ನೂ ಎತ್ತಿಕೊಂಡು, ಸುಮಾರು ಆರು ವಾರಗಳ ಕಾಲ ನಡೆದು, ಆ ಜನ ಶ್ರೀರಂಗಪಟ್ಟಣವನ್ನು ಸೇರಬೇಕಾಯಿತು. ದಾರಿಯಲ್ಲೇ ಮಡಿದವರು ಅನೇಕರು. ತಲುಪಿದ ಗಂಡಸರಿಗೆ ಬಲಾತ್ಕಾರದಿಂದ ಸುನ್ನತಿಯಾಯಿತು, ಹೊಸ ಹೆಸರು ಬಂತು. ಯುವಕರು 'ಅಹಮದಿ' ಎಂಬ ದಳಗಳಿಗೆ ಸೇರಿದರು. ಕುಟುಂಬಗಳು ಚದುರಿದವು.

ಇಲ್ಲಿ ಒಂದು ಮಾತು. ಈ ಇತಿಹಾಸವನ್ನು ಇಂದಿನ ನೆರೆಯವನ ಮೇಲೆ ಎತ್ತಿಹಿಡಿಯುವ ದೊಣ್ಣೆಯನ್ನಾಗಿ ಮಾಡುವವರುಂಟು. ನಡೆದೇ ಇಲ್ಲವೆಂದು ತಳ್ಳಿಹಾಕುವವರೂ ಉಂಟು. ಇಬ್ಬರಿಗೂ ಕಡತಗಳು ಸಹಕರಿಸುವುದಿಲ್ಲ. ಕೊಡವರೂ ಮಲಬಾರಿನ ನಾಯರರೂ ಇದೇ ಬಗೆಯ ಗಡೀಪಾರಿಗೆ ತುತ್ತಾದರು. ಎಲ್ಲೆಲ್ಲಿ ಬಂಡಾಯದ ಶಂಕೆಯೋ ಅಲ್ಲೆಲ್ಲ ಸುಲ್ತಾನನ ಆಯುಧ ಇದಾಗಿತ್ತು. ಅದೇ ಸುಲ್ತಾನನು, ೧೭೯೧ರಲ್ಲಿ ಮರಾಠ ಸೈನ್ಯ ಶೃಂಗೇರಿ ಮಠವನ್ನು ಲೂಟಿ ಮಾಡಿದಾಗ, ಜಗದ್ಗುರುಗಳಿಗೆ ವಿನಯಪೂರ್ವಕ ಕಾಗದಗಳನ್ನು ಬರೆದು ಶಾರದೆಯ ಪುನಃಪ್ರತಿಷ್ಠೆಗೆ ನೆರವಿತ್ತನು. ಆ ಕಾಗದಗಳನ್ನು ೧೯೧೬ರಲ್ಲಿ ಮೈಸೂರಿನ ಪುರಾತತ್ವ ಇಲಾಖೆಯ ರಾವ್ ಬಹದ್ದೂರ್ ಆರ್. ನರಸಿಂಹಾಚಾರ್ಯರು ಬೆಳಕಿಗೆ ತಂದರು. ಶ್ರೀರಂಗಪಟ್ಟಣದ ಸೆರೆಯೂ ನಿಜ, ಶೃಂಗೇರಿಯ ಕಾಗದವೂ ನಿಜ.

ಆದರೆ ಇಲ್ಲಿ ವಿಚಾರ ಸುಲ್ತಾನನದಲ್ಲ, ಸೆರೆಯಾಳುಗಳದು. ಹದಿನೈದು ವರ್ಷಗಳು! ಕ್ರೈಸ್ತಧರ್ಮದಲ್ಲಿ, ವಿಶೇಷವಾಗಿ ಕಥೋಲಿಕರಲ್ಲಿ, ಹುಟ್ಟಿನಿಂದ ಸಾವಿನವರೆಗೆ ಯಾವುದೂ ಪಾದ್ರಿಯಿಲ್ಲದೆ ನಡೆಯದು. ಬಲಿಪೂಜೆಯಿಲ್ಲ, ಪಾಪನಿವೇದನೆಯಿಲ್ಲ, ಸಾಯುವವನ ಹಣೆಗೆ ಎಣ್ಣೆಯಿಲ್ಲ. ಒಂದು ಜ್ಞಾನಸ್ನಾನವನ್ನು ಮಾತ್ರ, ಅನಿವಾರ್ಯವಾದಲ್ಲಿ, ಯಾವ ಗೃಹಸ್ಥನೇ ಆಗಲಿ ಗೃಹಿಣಿಯೇ ಆಗಲಿ ಬೊಗಸೆ ನೀರಿನಿಂದ ಮಾಡಬಹುದೆಂದು ಅವರ ಶಾಸ್ತ್ರ ಅನುಮತಿಸುತ್ತದೆ. ಸೆರೆಯ ಮೊದಲ ವರ್ಷದಲ್ಲಿ ಹುಟ್ಟಿದ ಹುಡುಗನೊಬ್ಬನನ್ನು ವಾಚಕರು ಊಹಿಸಿಕೊಳ್ಳಲಿ. ೧೭೯೯ರಲ್ಲಿ ಅವನಿಗೆ ಹದಿನೈದು. ಇಗರ್ಜಿಯೊಂದರ ಒಳಗನ್ನು ಅವನು ಕಂಡಿಲ್ಲ. ಗಂಟೆಯ ಸದ್ದನ್ನು ಕೇಳಿಲ್ಲ. ಬೀದಿಯಲ್ಲಿ ಅವನಿಗೆ ಒಂದು ಹೆಸರು. ಆ ಹೆಸರಿಗೆ ಓಗೊಡದಿದ್ದರೆ ಅಪಾಯ. ಹಾಗಿದ್ದೂ ಆತ ತಾನು ಯಾರೆಂಬುದನ್ನು ತಿಳಿದಿದ್ದರೆ, ಅದನ್ನು ಕಿವಿಯಲ್ಲಿ ಹೇಳಿದವರು ಯಾರು? ತಾಯಿಯಲ್ಲದೆ, ಅಜ್ಜಿಯಲ್ಲದೆ ಮತ್ತಾರು ಹೇಳಬಲ್ಲರು? ಕದವಿಕ್ಕಿಕೊಂಡು, ದೀಪವಾರಿಸಿ, ಕೊಂಕಣಿಯಲ್ಲಿ ಪಿಸುಗುಟ್ಟಿದ ಪ್ರಾರ್ಥನೆಗಳಿಗೆ ಯಾವ ಚರಿತ್ರೆಯೂ ಇಲ್ಲ.

ಕೆಲವರು ತಪ್ಪಿಸಿಕೊಂಡು ಕೊಡಗನ್ನು ಸೇರಿದರು. ಅಲ್ಲಿನ ದೊರೆ ದೊಡ್ಡ ವೀರರಾಜೇಂದ್ರನಿಗೆ ಸೆರೆಯ ರುಚಿ ಚೆನ್ನಾಗಿ ಗೊತ್ತಿತ್ತು. ಆತನೇ ಪಿರಿಯಾಪಟ್ಟಣದಲ್ಲಿ ಸುಲ್ತಾನನ ಬಂಧಿಯಾಗಿದ್ದು ೧೭೮೮ರಲ್ಲಿ ಪಾರಾದವನು. ೧೭೯೨ರಲ್ಲಿ ತನ್ನ ಹೆಸರಿನಲ್ಲಿ ವೀರರಾಜೇಂದ್ರಪೇಟೆಯನ್ನು ಕಟ್ಟಿಸಿದಾಗ ಈ ನಿರಾಶ್ರಿತರಿಗೆ ನೆಲೆಯನ್ನೂ ಇಗರ್ಜಿಗೆ ಜಾಗವನ್ನೂ ಕೊಟ್ಟನು. ಇಂದಿನ ವಿರಾಜಪೇಟೆಯ ಸಂತ ಅನ್ನಮ್ಮನವರ ಇಗರ್ಜಿಯ ಮೂಲ ಇದು.

೧೭೯೯ರ ಮೇ ೪ರಂದು ಶ್ರೀರಂಗಪಟ್ಟಣ ಬಿದ್ದಿತು. ಅನತಿಕಾಲದಲ್ಲೇ, ಉಳಿದ ಕ್ರೈಸ್ತರನ್ನು ಒಗ್ಗೂಡಿಸಲೆಂದು ಅಲ್ಲಿಗೆ ಬಂದವರು ಅಬ್ಬೆ ದುಬಾಯ್ ಎಂಬ ಫ್ರೆಂಚ್ ಪಾದ್ರಿ. ಗಂಜಾಮಿನಲ್ಲಿ ನೆಲೆಸಿ, ರುಮಾಲು ಸುತ್ತಿ, ದೇಶೀಯ ಉಡುಪು ತೊಟ್ಟು, ಶಾಕಾಹಾರಿಗಳಾಗಿ, ಕನ್ನಡ ನಾಡಿನ ಜನರಿಂದ 'ದೊಡ್ಡಸ್ವಾಮಿ' ಎನ್ನಿಸಿಕೊಂಡ ಈ ಸಾಧು ದಯಾಳುವೂ ಹೌದು, ನಿಷ್ಠುರಿಯೂ ಹೌದು. ಸಿಡುಬಿಗೆ ದೇವಿ ಹಾಕುವ ಕಾರ್ಯವನ್ನು ಮೈಸೂರು ಸೀಮೆಯಲ್ಲಿ ಹಬ್ಬಿಸಿದವರಲ್ಲಿ ಅವರು ಅಗ್ರಗಣ್ಯರು. ೧೮೨೩ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ತಮ್ಮ ಪತ್ರಗಳಲ್ಲಿ ಅವರು ಶ್ರೀರಂಗಪಟ್ಟಣದ ಸೆರೆಯಾಳುಗಳನ್ನು ಕುರಿತು ಕಠೋರವಾದ ತೀರ್ಪನ್ನೇ ಬರೆದಿಟ್ಟಿದ್ದಾರೆ. ಅಷ್ಟು ಸಾವಿರ ಜನರಲ್ಲಿ ಒಬ್ಬನಾದರೂ ಎದೆಸೆಟೆಸಿ ತನ್ನ ನಂಬಿಕೆಯನ್ನು ಸಾರಿ ಪ್ರಾಣಕೊಡಲಿಲ್ಲವಲ್ಲಾ, ಇದೆಂಥ ನಾಚಿಕೆ ಎಂಬುದು ಅವರ ಅಳಲು.

ತೀರ್ಪು ಕೊಟ್ಟವರ ಹಿನ್ನೆಲೆಯನ್ನೂ ನೋಡಬೇಡವೇ? ದುಬಾಯ್ ಫ್ರಾನ್ಸನ್ನು ಬಿಟ್ಟದ್ದು ೧೭೯೨ರಲ್ಲಿ. ಆಗ ಕ್ರಾಂತಿಯ ಸರ್ಕಾರವು ಪಾದ್ರಿಗಳಿಂದ ತನಗೆ ನಿಷ್ಠೆಯ ಪ್ರಮಾಣವನ್ನು ಬಲವಂತದಿಂದ ಪಡೆಯುತ್ತಿತ್ತು. ಆ ವರ್ಷದ ಸೆಪ್ಟೆಂಬರಿನಲ್ಲಿ ಪ್ಯಾರಿಸಿನ ಸೆರೆಮನೆಗಳಲ್ಲಿ ಇನ್ನೂರಕ್ಕೂ ಮಿಕ್ಕ ಪಾದ್ರಿಗಳು ಕೊಲೆಯಾದರು. ಆ ಪರೀಕ್ಷೆ ದುಬಾಯ್ ಅವರಿಗೆ ಬರಲಿಲ್ಲ; ಸಮುದ್ರ ನಡುವೆ ಇತ್ತು. ಬಂದಿದ್ದರೆ ಅವರು ಗೆಲ್ಲುತ್ತಿದ್ದರೇನೋ, ಯಾರು ಬಲ್ಲರು? ಹೆಂಡಿರು ಮಕ್ಕಳಿಲ್ಲದ ಸನ್ಯಾಸಿಯ ಕೊರಳೂ, ಎಡಗೈಯಲ್ಲಿ ಕೂಸನ್ನು ಹಿಡಿದ ಗೃಹಸ್ಥನ ಕೊರಳೂ ಕತ್ತಿಯ ಮುಂದೆ ಒಂದೇ ಎನ್ನುವುದಾದರೆ ಸರಿ.

ಈ ಜಗಳ ಕ್ರೈಸ್ತಧರ್ಮದಷ್ಟೇ ಹಳೆಯದು. ಕ್ರಿ. ಶ. ೨೫೦ರಲ್ಲಿ ರೋಮಿನ ಚಕ್ರವರ್ತಿ ಡೇಸಿಯಸ್, ಪ್ರಜೆಗಳೆಲ್ಲ ದೇವತೆಗಳಿಗೆ ಬಲಿ ಅರ್ಪಿಸಿ ಚೀಟಿ ಪಡೆಯಬೇಕೆಂದು ಕಟ್ಟಳೆ ಹೊರಡಿಸಿದಾಗ ಸಾವಿರಾರು ಕ್ರೈಸ್ತರು ಮಣಿದರು. ಕೆಲವರು ಹಣ ಕೊಟ್ಟು ಚೀಟಿಯನ್ನಷ್ಟೇ ಕೊಂಡರು. ಕಾಟ ಕಳೆದ ಮೇಲೆ ಅವರು ಮರಳಿ ಬಂದರು. ಅಂಥವರಿಗೆ ಎಂದೆಂದಿಗೂ ಬಾಗಿಲು ತೆರೆಯಬಾರದೆಂದು ನೊವಾಷಿಯನ್ ಹಟ ಹಿಡಿದನು. ಪ್ರಾಯಶ್ಚಿತ್ತ ಮಾಡಿಕೊಂಡವರನ್ನು ಸೇರಿಸಿಕೊಳ್ಳಬೇಕೆಂದವನು ಕಾರ್ಥೇಜಿನ ಬಿಷಪ್ ಸಿಪ್ರಿಯನ್. ಡೇಸಿಯಸನ ಕಾಲದಲ್ಲಿ ಅವನೇ ಊರು ಬಿಟ್ಟು ಅಡಗಿದ್ದವನು. ೨೫೮ರಲ್ಲಿ ಮತ್ತೊಮ್ಮೆ ಕರೆ ಬಂದಾಗ ಅಡಗದೆ ನಿಂತು ತಲೆಯೊಪ್ಪಿಸಿದನು. ಸಭೆ ಒಪ್ಪಿದ್ದು ಸಿಪ್ರಿಯನನ ಮಾತನ್ನು.

ಜಪಾನಿನ ಕಥೆ ಇನ್ನೂ ಸೋಜಿಗದ್ದು. ಅಲ್ಲಿ ೧೬೧೪ರಲ್ಲಿ ಕ್ರೈಸ್ತಮತ ನಿಷಿದ್ಧವಾಯಿತು. ಅನಂತರದ ವರ್ಷಗಳಲ್ಲಿ ನಾಗಸಾಕಿಯ ಸುತ್ತಿನ ರೈತರು ಅಧಿಕಾರಿಗಳ ಮುಂದೆ ಕ್ರಿಸ್ತನ ಬಿಂಬವನ್ನು ಕಾಲಿನಿಂದ ತುಳಿದು ತೋರಿಸಬೇಕಾಗಿತ್ತು. ತುಳಿದರು. ಮನೆಗೆ ಹೋಗಿ ಅದೇ ಕ್ರಿಸ್ತನನ್ನು ಪ್ರಾರ್ಥಿಸಿದರು. ತಲೆಮಾರುಗಳು ಉರುಳಿ ೧೮೬೫ರ ಮಾರ್ಚ್ ೧೭ರಂದು ಉರಕಾಮಿ ಎಂಬ ಹಳ್ಳಿಯ ಕೆಲವರು ನಾಗಸಾಕಿಯ ಹೊಸ ಇಗರ್ಜಿಗೆ ಬಂದು, ಪೆತಿಜಾಂ ಎಂಬ ಪಾದ್ರಿಯ ಬಳಿ ಮೆಲುದನಿಯಲ್ಲಿ ಮರಿಯಮ್ಮನವರ ವಿಗ್ರಹ ಎಲ್ಲಿದೆಯೆಂದು ವಿಚಾರಿಸಿದರು. ಇನ್ನೂರೈವತ್ತು ವರ್ಷಗಳ ಗುಟ್ಟು ಹೊರಬಿದ್ದುದು ಹಾಗೆ.

ಇನ್ನು ದುಬಾಯ್ ಅವರ ತೀರ್ಪಿಗೆ ಉತ್ತರ ಅವರ ಬರಹದಲ್ಲೇ ಇದೆ. ಸುಲ್ತಾನನು ಮಡಿದ ಮೇಲೆ ಆ ಜನ ತಾವಾಗಿ ಬಂದು, ಮಣಿದದ್ದು ಮೈ ಮಾತ್ರ, ಮನಸ್ಸು ಎಂದೂ ಕ್ರಿಸ್ತನನ್ನು ಬಿಡಲಿಲ್ಲವೆಂದು ಹೇಳಿಕೊಂಡರಂತೆ. ಸುಮಾರು ೨,೦೦೦ ಮಂದಿ ತಮ್ಮ ಬಳಿಗೇ ಬಂದರೆಂದೂ, ೨೦,೦೦೦ದಷ್ಟು ಜನ ಮಂಗಳೂರು ಸೀಮೆಗೆ ಹಿಂದಿರುಗಿ ಕೆಡವಿದ್ದ ಇಗರ್ಜಿಗಳನ್ನು ಮತ್ತೆ ಕಟ್ಟಿದರೆಂದೂ ಅವರೇ ಲೆಕ್ಕ ಕೊಟ್ಟಿದ್ದಾರೆ. ಅಷ್ಟಾದರೂ ಇಂಥದೇ ವಿಪತ್ತು ಮತ್ತೆ ಬಂದರೆ ಈ ಜನ ಮತ್ತೆ ಮಣಿಯುವರೆಂದೇ ಅವರ ಭಯ. ಹದಿನೈದು ವರ್ಷ ಬೇರೆ ಹೆಸರಿನಲ್ಲಿ ಬಾಳಿ, ತಡೆಯುವವರು ಇಲ್ಲವಾದೊಡನೆ ಮೂಟೆ ಕಟ್ಟಿ ಇನ್ನೂರು ಮೈಲಿ ನಡೆದು ಹೋಗುವವರನ್ನು ಹೇಡಿಗಳೆಂದು ಕರೆಯಲು ದೊಡ್ಡ ಧೈರ್ಯವೇ ಬೇಕು. ಶ್ರೀರಂಗಪಟ್ಟಣದಲ್ಲೇ ಉಳಿದುಬಿಡುವುದು ಸುಲಭವಾಗಿತ್ತು. ಹಾಗೆ ಉಳಿದವರೂ ಇದ್ದರು. ಹೊಸ ಮನೆಯಲ್ಲಿ ಮಕ್ಕಳು ಹುಟ್ಟಿದ್ದವರು, ಕೊಟ್ಟ ಹೆಣ್ಣುಮಕ್ಕಳನ್ನು ಅಗಲಲಾರದವರು, ಹದಿನೈದು ವರ್ಷದ ರೂಢಿಯೇ ಬದುಕಾಗಿದ್ದವರು. ಅವರನ್ನು ಹಳಿಯುವುದೂ ಸಲ್ಲದು.

ಮರಳಿದವರಿಗೆ ಕಾದಿದ್ದದ್ದು ಹಬ್ಬವಲ್ಲ. ಗದ್ದೆಗಳನ್ನು ಬೇರೆಯವರು ಉಳುತ್ತಿದ್ದರು. ಮನೆಗಳಲ್ಲಿ ಬೇರೆಯವರ ಒಲೆ ಉರಿಯುತ್ತಿತ್ತು. ಆ ಬೇರೆಯವರೂ ಕಳ್ಳರೇನಲ್ಲ, ಸರ್ಕಾರ ಕೊಟ್ಟದ್ದನ್ನು ಪಡೆದ ರೈತರು. ಕೆನರಾದ ಮೊದಲ ಕಲೆಕ್ಟರ್ ಥಾಮಸ್ ಮನ್ರೋ ಮತ್ತು ಆತನ ಬಳಿಕ ಬಂದ ರಾವೆನ್‌ಷಾ ಇವರ ಕಾಲದಲ್ಲಿ ಹಲವು ಕುಟುಂಬಗಳು ತಮ್ಮ ಭೂಮಿಯನ್ನು ಮತ್ತೆ ಪಡೆದವು. ಇಗರ್ಜಿಗಳು ಒಂದೊಂದಾಗಿ ಎದ್ದವು. ದುಬಾಯ್ ಅವರು ೧೮೨೩ರಲ್ಲಿ ಹಡಗು ಹತ್ತಿ ಪ್ಯಾರಿಸಿಗೆ ಹಿಂದಿರುಗಿದರು. ಅವರ ಪತ್ರಗಳು ಲಂಡನ್ನಿನ ಅಂಗಡಿಗಳನ್ನು ಸೇರಿದ್ದೂ ಅದೇ ವರ್ಷ. ಶ್ರೀರಂಗಪಟ್ಟಣದಲ್ಲಿ ಹುಟ್ಟಿ ಘಟ್ಟವಿಳಿದು ಬಂದಿದ್ದ ಹುಡುಗರು ಆ ವೇಳೆಗೆ ನಲವತ್ತರ ಸಮೀಪದ ಗೃಹಸ್ಥರಾಗಿ, ತಮ್ಮ ಮಕ್ಕಳನ್ನು ಮಂಗಳೂರು ಸೀಮೆಯ ಇಗರ್ಜಿಗಳಿಗೆ ಹಾಡುಹಗಲಲ್ಲಿ ಕೈಹಿಡಿದು ಕರೆದೊಯ್ಯುತ್ತಿದ್ದರು.